ಪಾತ್ರ ಬಿಡದ ಮಾತು: ಆನ್‌ಲೈನ್ ಆಟಗಾರರಿಗೆ ತಾಳಮದ್ದಲೆಯ ದಾರಿ

ಆನ್‌ಲೈನ್ ಆಟಗಳಲ್ಲಿ ರೋಲ್‌ಪ್ಲೇ ಅಥವಾ ಚಿಕ್ಕದಾಗಿ ಆರ್‌ಪಿ ಎನ್ನಲಾಗುವ ಪಾತ್ರಾಭಿನಯವೆಂದರೆ, ಆಟಗಾರನು ಪರದೆಯ ಮೇಲಿನ ಆಕೃತಿಯನ್ನು ಓಡಿಸುವುದಕ್ಕಷ್ಟೇ ನಿಲ್ಲದೆ, ಅದಕ್ಕೊಂದು ಹೆಸರು, ಊರು, ಕಸುಬು, ಸ್ವಭಾವಗಳನ್ನು ಕಲ್ಪಿಸಿಕೊಂಡು, ಆಟ ನಡೆಯುವಷ್ಟು ಹೊತ್ತೂ ಆ ವ್ಯಕ್ತಿಯಾಗಿಯೇ ಮಾತನಾಡುವುದು ಮತ್ತು ಆ ವ್ಯಕ್ತಿಗೆ ತಕ್ಕಂತೆಯೇ ನಿರ್ಧರಿಸುವುದು. ಪಾತ್ರದ ಒಳಗಿನಿಂದ ಆಡಿದ ಮಾತನ್ನು ಆಟಗಾರರು ಐಸಿ ಎಂದೂ, ಪಾತ್ರವನ್ನು ಬದಿಗಿಟ್ಟು ತಾವಾಗಿಯೇ ಆಡಿದ ಮಾತನ್ನು ಓಓಸಿ ಎಂದೂ ಬೇರ್ಪಡಿಸುತ್ತಾರೆ. ಈ ಬಗೆಯ ಆಟ ಚಿತ್ರಗಳಿಗಿಂತ ಮೊದಲು ಬರಿಯ ಅಕ್ಷರಗಳಲ್ಲಿ ಬೆಳೆಯಿತು: 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟದಲ್ಲಿ ಕಾಡು, ಕೋಣೆ, ಕಾದಾಟ ಎಲ್ಲವೂ ವಾಕ್ಯಗಳೇ ಆಗಿದ್ದವು. 1997ರ ‘ಅಲ್ಟಿಮಾ ಆನ್‌ಲೈನ್’ ಅದಕ್ಕೆ ಚಿತ್ರ ಕೊಟ್ಟಿತು. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಪಾತ್ರಾಭಿನಯಕ್ಕೆಂದೇ ಬೇರೆ ಸರ್ವರ್‌ಗಳನ್ನು, ಎಂದರೆ ಆಟದ ಲೋಕದ ಪ್ರತ್ಯೇಕ ಪ್ರತಿಗಳನ್ನು, ತೆರೆಯಿತು. ‘ಗ್ರ್ಯಾಂಡ್ ಥೆಫ್ಟ್ ಆಟೋ 5’ ಆಟವನ್ನು ಮಾರ್ಪಡಿಸಿ ಆಡುವ ‘ಫೈವ್‌ಎಮ್’ ಸರ್ವರ್‌ಗಳಲ್ಲಿ ಟ್ಯಾಕ್ಸಿ ಚಾಲಕ, ಪೊಲೀಸ್, ವೈದ್ಯ, ಕಳ್ಳ ಎಲ್ಲರೂ ಮನುಷ್ಯರೇ ಆಡುವ ಪಾತ್ರಗಳಾಗಿರುತ್ತಾರೆ. ಭಾರತದಲ್ಲಿ ಕೋವಿಡ್ ಕಾಲದ ಹಿಂದಿ ನೇರಪ್ರಸಾರಗಳು ಇದನ್ನು ಮನೆಮಾತಾಗಿಸಿದವು.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿಯೂ, ನಾಡಿನ ಉಳಿದೆಡೆಯಂತೆ, ಗುಂಪಾಗಿ ಆಡುವ ಅಭ್ಯಾಸ ಹೆಚ್ಚಾಗಿ ಮೊಬೈಲ್ ಗುಂಡಿನಾಟಗಳಿಂದ ಬಂದದ್ದು. 2020ರ ಸೆಪ್ಟೆಂಬರಿನಲ್ಲಿ ನಿಷೇಧಗೊಂಡ ‘ಪಬ್‌ಜಿ ಮೊಬೈಲ್’, 2021ರಲ್ಲಿ ಅದರ ಜಾಗಕ್ಕೆ ಬಂದ ‘ಬಿಜಿಎಂಐ’ ಮುಂತಾದ ಆಟಗಳು ಸ್ಕ್ವಾಡ್ ಕಟ್ಟುವುದನ್ನು, ಮೈಕಿನಲ್ಲಿ ಚುಟುಕಾಗಿ ಸೂಚನೆ ಕೊಡುವುದನ್ನು ಕಲಿಸಿವೆ, ಆದರೆ ಕೊನೆಗೆ ಉಳಿದವನೇ ಗೆದ್ದವನು ಎಂಬ ಲೆಕ್ಕವನ್ನೂ ಜೊತೆಗೇ ಕಲಿಸಿವೆ. ಅಂಥ ಗುಂಪೊಂದು ಪಾತ್ರಾಭಿನಯದ ಸರ್ವರ್‌ಗೆ ಬಂದಾಗ ಎದುರಿಗೆ ಕಂಡ ಅಂಗಡಿಯವನನ್ನು ಮಾತನಾಡಿಸುವ ಮೊದಲೇ ಹೊಡೆದುರುಳಿಸುವುದು ದುಷ್ಟತನದಿಂದಲ್ಲ, ಹಳೆಯ ಆಟದ ರೂಢಿಯಿಂದ. ಇದಕ್ಕೆ ಸರ್ವರ್ ನಡೆಸುವ ಅಡ್ಮಿನ್‌ಗಳು ಸಾಮಾನ್ಯವಾಗಿ ಕಂಡುಕೊಳ್ಳುವ ಮದ್ದು ಪುಟಗಟ್ಟಲೆ ನಿಯಮಾವಳಿ: ಕಾರಣವಿಲ್ಲದೆ ಕೊಲ್ಲಬಾರದು, ಪಾತ್ರ ಮುರಿಯಬಾರದು, ಮುರಿದರೆ ಇಷ್ಟು ದಿನ ಬಹಿಷ್ಕಾರ. ನಿಯಮ ಬೇಕು, ನಿಜ. ಆದರೆ ಅದು ತಪ್ಪು ಮಾತನ್ನು ತಡೆಯಬಲ್ಲುದೇ ಹೊರತು ಒಳ್ಳೆಯ ಮಾತನ್ನು ಹುಟ್ಟಿಸಲಾರದು. ಎದುರಿನವನಿಂದ ತಕ್ಕ ಉತ್ತರ ಬರುತ್ತದೆಂಬ ಭರವಸೆ ಇದ್ದಲ್ಲಿ ಮಾತ್ರ ಯಾರಾದರೂ ಪಾತ್ರವಾಗಿ ಬಾಯಿ ತೆರೆಯುತ್ತಾರೆ.

ಈ ಭರವಸೆಯನ್ನು ವ್ಯವಸ್ಥಿತವಾಗಿ ಕಟ್ಟಿಕೊಂಡಿರುವ ಕಲೆಯೊಂದು ಇದೇ ಜಿಲ್ಲೆಯಲ್ಲಿ ಬಹುಕಾಲದಿಂದ ಇದೆ. ಕರಾವಳಿ ಮತ್ತು ಮಲೆನಾಡಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮನೆಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ನಡೆಯುವ ತಾಳಮದ್ದಲೆ ಯಕ್ಷಗಾನದ ಒಂದು ಪ್ರಕಾರ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ, ಎಂದರೆ ಆಯ್ದ ಕಥಾಭಾಗದ, ಪದ್ಯವೊಂದನ್ನು ಹಾಡುತ್ತಾರೆ; ಅರ್ಥಧಾರಿ ಎನಿಸಿಕೊಂಡ ಮಾತುಗಾರನು ಆ ಪದ್ಯದ ಭಾವವನ್ನು ಹಿಡಿದು ಕೃಷ್ಣನಾಗಿಯೋ ಕೌರವನಾಗಿಯೋ ಆ ಕ್ಷಣದಲ್ಲೇ ಮಾತು ಹೆಣೆಯುತ್ತಾನೆ; ಎದುರು ಸಾಲಿನಲ್ಲಿ ಕುಳಿತ ಇನ್ನೊಬ್ಬ ಅರ್ಥಧಾರಿ ತನ್ನ ಪಾತ್ರದಿಂದ ಅದಕ್ಕೆ ಉತ್ತರಿಸುತ್ತಾನೆ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಸಾದಾ ಉಡುಪಿನಲ್ಲಿ ಕುಳಿತು ಬರಿಯ ಮಾತಿನಿಂದಲೇ ರಾವಣನನ್ನೋ ವಾಲಿಯನ್ನೋ ಸಭೆಯ ಮುಂದೆ ನಿಲ್ಲಿಸುತ್ತಿದ್ದರು. ಪಾತ್ರಕ್ಕೆ ದುಬಾರಿ ಉಡುಪು, ವಾಹನ, ಬಂದೂಕು ಖರೀದಿಸಿದರೆ ಅಭಿನಯ ತಾನಾಗಿ ಬರುತ್ತದೆಂದು ನಂಬುವ ಆಟಗಾರರು ಇದನ್ನು ಗಮನಿಸಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಷ್ಟು ದಟ್ಟವಾಗಿ ಈ ಕಲೆ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಲ್ಲಿ ಬೇರೂರಿಲ್ಲದಿದ್ದರೂ, ಅದರ ಕ್ರಮಗಳು ಕೈಗೆಟುಕುವಷ್ಟು ಹತ್ತಿರದಲ್ಲಿವೆ.

ಮೊದಲನೆಯದು ಪ್ರಸಂಗದ ಆಯ್ಕೆ. ‘ಕೃಷ್ಣ ಸಂಧಾನ’ದಲ್ಲಿ ಸಂಧಾನ ಮುರಿಯುತ್ತದೆ, ‘ವಾಲಿ ಮೋಕ್ಷ’ದಲ್ಲಿ ವಾಲಿ ಸಾಯುತ್ತಾನೆ ಎಂಬುದು ಸಭೆಗೂ ಗೊತ್ತು, ಅರ್ಥಧಾರಿಗಳಿಗೂ ಗೊತ್ತು, ಹಾಗಿದ್ದೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಹೇಗೆ ಪ್ರಶ್ನಿಸುತ್ತಾನೆ, ರಾಮನು ಅದಕ್ಕೆ ಏನೆನ್ನುತ್ತಾನೆ ಎಂಬುದನ್ನು ಕೇಳಲು ಜನ ರಾತ್ರಿಯೆಲ್ಲ ಕೂರುತ್ತಾರೆ. ಫಲಿತಾಂಶ ಮೊದಲೇ ನಿಶ್ಚಯವಾಗಿರುವುದರಿಂದ ಗೆಲ್ಲುವ ಆತುರ ಕಳಚಿಬೀಳುತ್ತದೆ, ಸೋಲುವ ಪಾತ್ರಕ್ಕೂ ಗೆಲ್ಲುವ ಪಾತ್ರದಷ್ಟೇ ತೂಕ ಬರುತ್ತದೆ. ಹೊಸದಾಗಿ ಪಾತ್ರಾಭಿನಯಕ್ಕೆ ಇಳಿಯುವ ಗುಂಪು ತನ್ನ ಮೊದಲ ಕೂಟಗಳಿಗೆ ಹೀಗೆಯೇ ಅಂತ್ಯ ಗೊತ್ತಿರುವ ಸನ್ನಿವೇಶಗಳನ್ನು ಆರಿಸಿಕೊಳ್ಳುವುದು ಒಳಿತು: ಕಳ್ಳ ಸಿಕ್ಕಿಬೀಳುತ್ತಾನೆ ಎಂದು ಎಲ್ಲರೂ ಒಪ್ಪಿಕೊಂಡ ಮೇಲೆ, ಅವನನ್ನು ಆಡುವವನು ತಪ್ಪಿಸಿಕೊಳ್ಳುವ ಉಪಾಯದ ಬದಲು ಠಾಣೆಯಲ್ಲಿ ಏನು ಹೇಳಬೇಕೆಂದು ಯೋಚಿಸತೊಡಗುತ್ತಾನೆ.

ಎರಡನೆಯದು ಭಾಗವತರ ಸ್ಥಾನ. ಭಾಗವತರು ಕಥೆಯೊಳಗಿನ ಪಾತ್ರವಲ್ಲ, ಕಥೆಯ ಹೊರಗಿನ ಪ್ರೇಕ್ಷಕರೂ ಅಲ್ಲ. ಮಾತು ಹಿಗ್ಗಿ ದಿಕ್ಕು ತಪ್ಪುತ್ತಿದೆ ಎನ್ನಿಸಿದಾಗ ಅವರು ಯಾರನ್ನೂ ಗದರಿಸದೆ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ, ಆಗ ಕಥೆ ತಾನಾಗಿ ಮುಂದಕ್ಕೆ ಸರಿಯುತ್ತದೆ. ಆನ್‌ಲೈನ್ ಗುಂಪಿನಲ್ಲಿಯೂ ಇಂಥ ಒಬ್ಬರು ಇರಬೇಕು, ಮತ್ತು ಅವರು ಬಹಿಷ್ಕಾರದ ಅಧಿಕಾರವಿರುವ ಅಡ್ಮಿನ್‌ಗಿಂತ ಬೇರೆಯವರಾಗಿದ್ದರೆ ಉತ್ತಮ. ಇಬ್ಬರು ಆಟಗಾರರ ಜಗಳ ನೀರಸವಾಗಿ ಸುತ್ತುತ್ತಿದ್ದರೆ ಅವರು ಕಥೆಯ ಒಳಗಿನಿಂದಲೇ ಒಂದು ಸುದ್ದಿಯನ್ನು ಬಿಡಬಹುದು: ಸೇತುವೆ ಕುಸಿದಿದೆ, ತಹಶೀಲ್ದಾರರು ಬಂದಿದ್ದಾರೆ, ಕಾಡಂಚಿನ ಗದ್ದೆಗೆ ಆನೆ ಇಳಿದಿದೆ. ಇಂಥ ಒಂದು ಸುದ್ದಿ ಹತ್ತು ಎಚ್ಚರಿಕೆಗಳ ಕೆಲಸ ಮಾಡುತ್ತದೆ.

ಮೂರನೆಯ ಕ್ರಮ ಪೀಠಿಕೆ. ಅರ್ಥಧಾರಿ ತನ್ನ ಪಾತ್ರ ಪ್ರವೇಶವಾದಾಗ ತಾನು ಯಾರು, ಈಗ ಯಾವ ಸಂಕಟದಲ್ಲಿದ್ದೇನೆ, ಯಾತಕ್ಕಾಗಿ ಬಂದಿದ್ದೇನೆ ಎಂಬುದನ್ನು ಮೊದಲು ಸ್ಥಾಪಿಸುತ್ತಾನೆ. ಎದುರಿನವನು ಆ ಮಾತಿನಲ್ಲಿ ತನಗೆ ಬೇಕಾದ ಎಳೆಯನ್ನು ಹಿಡಿಯುತ್ತಾನೆ. ಆನ್‌ಲೈನ್ ಸರ್ವರ್‌ಗಳಲ್ಲಿ ಹೊಸಬರಿಂದ ಪಾತ್ರದ ಜೀವನಚರಿತ್ರೆಯನ್ನು ಪುಟಗಟ್ಟಲೆ ಬರೆಯಿಸಿಕೊಳ್ಳುವ ಪದ್ಧತಿ ಇದೆ. ಅದನ್ನು ಅಡ್ಮಿನ್ ಬಿಟ್ಟು ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಆಟದಲ್ಲಿ ಅದರ ಉಪಯೋಗ ಕಡಿಮೆ. ಅದರ ಬದಲು ಪ್ರತಿ ಪಾತ್ರಕ್ಕೂ ಒಂದು ಬೇಕು, ಒಂದು ಭಯ, ಒಂದು ಸಾಲ ಎಂಬ ಮೂರನ್ನು ಗೊತ್ತುಮಾಡಿಕೊಂಡು, ಅವನ್ನು ಮೊದಲ ಐದು ನಿಮಿಷಗಳ ಮಾತಿನಲ್ಲೇ ಎದುರಿನವರಿಗೆ ಸುಳಿವಾಗಿ ಕೊಡುವಂತೆ ಹೇಳಿದರೆ ಸಾಕು. ಉಳಿದ ಹೆಣಿಗೆಯನ್ನು ಆಟವೇ ಮಾಡಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪಾಠ ಎದುರು ಅರ್ಥಧಾರಿಯನ್ನು ನಡೆಸಿಕೊಳ್ಳುವ ರೀತಿಯಲ್ಲಿದೆ. ಉತ್ತರಕ್ಕೆ ಎಡೆಯೇ ಇಲ್ಲದಂತೆ ಎದುರಾಳಿಯ ಬಾಯಿ ಮುಚ್ಚಿಸುವ ಮಾತುಗಾರನಿಗಿಂತ, ಕಠಿಣವಾದರೂ ಉತ್ತರಿಸಬಲ್ಲ ಪ್ರಶ್ನೆಯನ್ನು ಎತ್ತಿ ಆ ಉತ್ತರವನ್ನು ಕೇಳುವ ಸಹನೆಯುಳ್ಳವನನ್ನೇ ತಾಳಮದ್ದಲೆಯ ರಸಿಕರು ದೊಡ್ಡವನೆಂದು ಎಣಿಸುತ್ತಾರೆ. ಆನ್‌ಲೈನ್ ಆಟಗಾರರು ಪವರ್‌ಗೇಮಿಂಗ್ ಎಂದು ದೂರುವ ದೋಷ ಇದಕ್ಕೆ ನೇರ ವಿರುದ್ಧವಾದದ್ದು: ಇನ್ನೊಬ್ಬರ ಪಾತ್ರಕ್ಕೆ ಏನಾಯಿತೆಂಬುದನ್ನು ತಾನೇ ತೀರ್ಮಾನಿಸಿಬಿಡುವುದು. ಅಕ್ಷರದಲ್ಲಿ ಆಡುವ ಹಾಗೂ ಫೈವ್‌ಎಮ್ ಮಾದರಿಯ ಸರ್ವರ್‌ಗಳಲ್ಲಿ ‘/ಮೀ’ ಎಂಬ ಆದೇಶದಿಂದ ತನ್ನ ಪಾತ್ರದ ಕ್ರಿಯೆಯನ್ನೂ ‘/ಡೂ’ ಎಂಬ ಆದೇಶದಿಂದ ಸುತ್ತಲಿನ ಸ್ಥಿತಿಯನ್ನೂ ಬರೆದು ತಿಳಿಸುವ ಪದ್ಧತಿ ಇದೆ. ಅಲ್ಲಿ ‘ಅವನ ಕೈ ಕಟ್ಟಿ ಮೂಲೆಗೆ ತಳ್ಳುತ್ತಾನೆ’ ಎಂದು ಬರೆದರೆ ಎದುರಿನವನ ಆಟ ಮುಗಿಯಿತು. ‘ಹಗ್ಗ ಹಿಡಿದು ಅವನ ಕೈಗಳತ್ತ ಬಾಗುತ್ತಾನೆ’ ಎಂದು ಬರೆದರೆ ಕೊಸರಿಕೊಳ್ಳುವುದೋ, ಬೇಡಿಕೊಳ್ಳುವುದೋ, ನಗುವುದೋ ಎಂಬ ಆಯ್ಕೆ ಅವನಿಗೆ ಉಳಿಯುತ್ತದೆ. ಹೊಸಬರಿಗೆ ಕಲಿಸಬೇಕಾದ ವಿಷಯ ಒಂದೇ ಇದ್ದರೆ ಈ ಎರಡು ವಾಕ್ಯಗಳ ಅಂತರವನ್ನು ಕಲಿಸಬೇಕು.

ಮೆಟಾಗೇಮಿಂಗ್ ಎಂಬ ಇನ್ನೊಂದು ದೋಷವೂ ತಾಳಮದ್ದಲೆಯ ಮೂಲಕವೇ ಸ್ಪಷ್ಟವಾಗುತ್ತದೆ. ಆಟಗಾರನಿಗೆ ಡಿಸ್ಕಾರ್ಡ್ ಆ್ಯಪ್‌ನ ಹರಟೆಯಿಂದಲೋ ಬೇರೊಬ್ಬರ ನೇರಪ್ರಸಾರದಿಂದಲೋ ತಿಳಿದ ಸಂಗತಿಯನ್ನು, ಅದನ್ನು ತಿಳಿಯಲು ದಾರಿಯೇ ಇಲ್ಲದ ಪಾತ್ರದ ಬಾಯಲ್ಲಿ ಹೇಳಿಸುವುದಕ್ಕೆ ಈ ಹೆಸರು. ಕೃಷ್ಣ ಸಂಧಾನದ ಸಭೆಯಲ್ಲಿ ಕೌರವನ ಅರ್ಥ ಹೇಳುವವನಿಗೆ ಕರ್ಣನು ಕುಂತಿಯ ಮಗನೆಂಬುದು ಚೆನ್ನಾಗಿ ಗೊತ್ತು, ಕೇಳುತ್ತಿರುವ ಮಕ್ಕಳಿಗೂ ಗೊತ್ತು. ಆದರೆ ಕೌರವನಿಗೆ ಗೊತ್ತಿಲ್ಲ. ತನ್ನ ತಿಳಿವಳಿಕೆಯನ್ನು ಹಿಂದಿಟ್ಟು ಪಾತ್ರದ ಅಜ್ಞಾನವನ್ನು ಮುಂದಿಟ್ಟು ಅರ್ಥಧಾರಿ ಮಾತನಾಡಿದಾಗಲೇ ಕರ್ಣನ ಮೇಲಿನ ಕೌರವನ ನೆಚ್ಚಿಕೆ ಕೇಳುವವರ ಮನಸ್ಸನ್ನು ಕಲಕುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಅವರು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳ ಬಗ್ಗೆ 1983ರಲ್ಲಿ ಪ್ರಕಟಿಸಿದ ‘ಶೇರ್ಡ್ ಫ್ಯಾಂಟಸಿ’ ಎಂಬ ಅಧ್ಯಯನದಲ್ಲಿ, ಆಟದಲ್ಲಿರುವವನು ಲೋಕದ ಮನುಷ್ಯನಾಗಿ, ನಿಯಮ ಬಲ್ಲ ಆಟಗಾರನಾಗಿ, ಕಥೆಯ ಪಾತ್ರವಾಗಿ ಮೂರು ಚೌಕಟ್ಟುಗಳ ನಡುವೆ ಸದಾ ಓಡಾಡುತ್ತಿರುತ್ತಾನೆ ಎಂದು ವಿವರಿಸಿದ್ದಾರೆ. ಓಡಾಟ ತಪ್ಪಲ್ಲ, ಅದು ಎದುರಿನವರಿಗೆ ಗೊತ್ತಾಗುವಂತಿರಬೇಕು ಎಂಬುದಷ್ಟೇ ಶಿಸ್ತು. ಓಓಸಿ ಮಾತನ್ನು ಜೋಡಿ ಆವರಣಚಿಹ್ನೆಗಳ ಒಳಗೆ ಬರೆಯುವ ರೂಢಿ ಹುಟ್ಟಿದ್ದು ಇದಕ್ಕಾಗಿಯೇ.

ಮುಂಡಗೋಡದಲ್ಲಿ ಇದಕ್ಕೆ ಸಮೀಪದ ಇನ್ನೊಂದು ಶಿಸ್ತನ್ನು ಕಣ್ಣಾರೆ ಕಾಣಬಹುದು. 1960ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳ ಅಂಗಳದಲ್ಲಿ ಭಿಕ್ಷುಗಳು ನಡೆಸುವ ಶಾಸ್ತ್ರವಾದದಲ್ಲಿ ಒಬ್ಬನು ಕುಳಿತು ಒಂದು ನಿಲುವನ್ನು ಸಮರ್ಥಿಸುತ್ತಾನೆ, ಇನ್ನೊಬ್ಬನು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಪ್ರಶ್ನಿಸುವವನು ತಾನೆತ್ತಿದ ವಾದವನ್ನು ಸ್ವತಃ ನಂಬಬೇಕೆಂದಿಲ್ಲ. ಇದು ಪಾತ್ರಾಭಿನಯವಲ್ಲ, ಗಂಭೀರವಾದ ವ್ಯಾಸಂಗ. ಆದರೂ ವಾದಕ್ಕಾಗಿ ತಳೆದ ನಿಲುವಿನಿಂದ ವ್ಯಕ್ತಿಯನ್ನು ಅಳೆಯಬಾರದೆಂಬ ತಿಳಿವಳಿಕೆ ಖಳನ ಪಾತ್ರ ವಹಿಸಿದ ಗೆಳೆಯನ ಮೇಲೆ ಆಟ ಮುಗಿದ ಮೇಲೂ ಮುನಿಸಿಕೊಳ್ಳುವವರಿಗೆ ಬೇಕಾದದ್ದೇ.

ಈ ಭಾಗದ ಗುಂಪುಗಳಿಗೆ ಎದುರಾಗುವ ಮೊದಲ ಪ್ರಾಯೋಗಿಕ ಪ್ರಶ್ನೆ ಭಾಷೆಯದು. ಹಳಿಯಾಳದಲ್ಲಿ ಮರಾಠಿ, ಜೋಯಿಡಾದಲ್ಲಿ ಕೊಂಕಣಿ, ಕಾಗದ ಕಾರ್ಖಾನೆಯ ಸುತ್ತ ನಾನಾ ಕಡೆಯ ಜನ ಬಂದು ಸೇರಿದ ದಾಂಡೇಲಿಯಲ್ಲಿ ಉರ್ದು ಮತ್ತು ಹಿಂದಿ, ಇವೆಲ್ಲದರ ಜೊತೆಗೆ ಕನ್ನಡ. ಪಾತ್ರವೆಂದರೆ ಗ್ರಂಥಸ್ಥ ಭಾಷೆ ಎಂಬ ಕಲ್ಪನೆಯಿಂದ ಎಲ್ಲರೂ ಒಂದೇ ಬಗೆಯ ಶುದ್ಧ ಕನ್ನಡವನ್ನೋ ನೇರಪ್ರಸಾರಗಳಲ್ಲಿ ಕೇಳಿದ ಹಿಂದಿಯನ್ನೋ ಆಡತೊಡಗಿದರೆ ಹತ್ತು ನಿಮಿಷಗಳಲ್ಲಿ ಮಾತು ಬತ್ತಿಹೋಗುತ್ತದೆ. ಪುರಾಣ ಪ್ರಸಂಗದಲ್ಲಿ ರೈಲು, ಚುನಾವಣೆ ನುಸುಳಬಾರದೆಂಬ ಔಚಿತ್ಯವನ್ನು ತಾಳಮದ್ದಲೆ ಕಾಯುವುದು ಆ ಕಥೆಯ ಕಾಲಕ್ಕಾಗಿ. ಕಥೆಯೇ ಸಂತೆಪೇಟೆಯದಾಗಿದ್ದರೆ ಔಚಿತ್ಯವೂ ಸಂತೆಯ ಮಾತನ್ನೇ ಬೇಡುತ್ತದೆ. ಸಂತೆಯ ವ್ಯಾಪಾರಿ ಒಬ್ಬನಿಗೆ ಮರಾಠಿಯಲ್ಲಿ ಬೆಲೆ ಹೇಳಿ ಇನ್ನೊಬ್ಬನಿಗೆ ಕನ್ನಡದಲ್ಲಿ ಚೌಕಾಸಿಗೆ ಒಪ್ಪುವುದು ಇಲ್ಲಿ ಸಹಜವಾದ ಅಭಿನಯ.

ಎರಡನೆಯ ಪ್ರಶ್ನೆ ನೆಟ್‌ವರ್ಕ್. ದಟ್ಟ ಕಾಡಿನ ಜೋಯಿಡಾ ತಾಲ್ಲೂಕಿನ ಅನೇಕ ಹಳ್ಳಿಗಳಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಮೈಕಿನ ಮಾತು ತುಂಡಾದರೆ, ಲ್ಯಾಗ್ ಎನ್ನಲಾಗುವ ವಿಳಂಬದಿಂದ ಉತ್ತರ ತಡವಾದರೆ, ಅಭಿನಯದ ಲಯವೇ ಕೆಡುತ್ತದೆ. ಅಂಥ ಸದಸ್ಯರಿರುವ ಗುಂಪು ಮೈಕ್ ಕಡ್ಡಾಯ ಎಂಬ ಷರತ್ತನ್ನು ಕೈಬಿಟ್ಟು ಅಕ್ಷರದ ಚಾಟ್‌ನಲ್ಲಿಯೇ ಪಾತ್ರ ನಿರ್ವಹಿಸಲು ಅವಕಾಶ ಕೊಡಬೇಕು, ಹಠಾತ್ತಾಗಿ ಸಂಪರ್ಕ ಕಡಿದವರ ಪಾತ್ರಕ್ಕೆ ಆ ಅವಧಿಯಲ್ಲಿ ಯಾವ ಕೇಡೂ ಆಗಕೂಡದೆಂದು ಒಪ್ಪಿಕೊಳ್ಳಬೇಕು. ಅಕ್ಷರದ ಆಟ ಕೀಳೆಂದು ಭಾವಿಸುವ ಅಗತ್ಯವಿಲ್ಲ. ಆನ್‌ಲೈನ್ ಪಾತ್ರಾಭಿನಯ ಹುಟ್ಟಿದ್ದೇ ಅಕ್ಷರದಲ್ಲಿ. ಫೈವ್‌ಎಮ್‌ಗೆ ಒಳ್ಳೆಯ ಕಂಪ್ಯೂಟರ್ ಬೇಕಾಗುವುದರಿಂದ ಮೊಬೈಲ್ ಮಾತ್ರ ಇರುವವರು ‘ಮೈನ್‌ಕ್ರಾಫ್ಟ್’ ಅಥವಾ ‘ರೋಬ್ಲಾಕ್ಸ್’ ಒಳಗಿನ ‘ಬ್ರೂಕ್‌ಹೇವನ್’ನಂಥ ಪಟ್ಟಣಗಳಲ್ಲಿ ಆರಂಭಿಸಬಹುದು.

ಕಥಾವಸ್ತುವಿಗೆ ‘ಗ್ರ್ಯಾಂಡ್ ಥೆಫ್ಟ್ ಆಟೋ 5’ರಲ್ಲಿರುವಂಥ ಲಾಸ್ ಏಂಜಲೀಸ್ ಮಾದರಿಯ ನಗರವೇ ಆಗಬೇಕೆಂದಿಲ್ಲ. ಉದಾಹರಣೆಗೆ, ಕಾಳಿ ಮತ್ತು ಪಾಂಡರಿ ನದಿಗಳು ಸೇರುವಲ್ಲಿದ್ದ ಹಳೆಯ ಸೂಪಾ ಊರು ಗಣೇಶಗುಡಿಯ ಬಳಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸರಿಯಿತು, ನಿರಾಶ್ರಿತರ ಬಹುಭಾಗ ರಾಮನಗರದಲ್ಲಿ ನೆಲೆಸಿತು. ಅಂಥದೇ ಆದರೆ ಕಲ್ಪಿತ ಹೆಸರಿನ ಊರೊಂದನ್ನು ಗುಂಪು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿ, ಊರು ಮುಳುಗುವ ಮೊದಲಿನ ಕೊನೆಯ ಸಂತೆಯ ದಿನವನ್ನು ಪ್ರಸಂಗವಾಗಿ ಆಡಬಹುದು. ಅಂತ್ಯ ಎಲ್ಲರಿಗೂ ಗೊತ್ತು: ನೀರು ಬರುತ್ತದೆ, ಯಾರೂ ಗೆಲ್ಲುವುದಿಲ್ಲ. ಪರಿಹಾರದ ಪಟ್ಟಿ ಹಿಡಿದು ಬಂದ ಗುಮಾಸ್ತ, ಉದ್ರಿ ವಸೂಲಿಗೆ ಅಲೆಯುವ ಕಿರಾಣಿ ಅಂಗಡಿಯವನು, ಇನ್ನು ಕೆಲಸವಿಲ್ಲದ ದೋಣಿಯವನು, ದೇವರ ಮೂರ್ತಿಯನ್ನು ಎಲ್ಲಿಗೆ ಒಯ್ಯಬೇಕೆಂದು ಜಗಳವಾಡುವ ಎರಡು ಮನೆಯವರು, ಇವರೆಲ್ಲರಿಗೂ ಬೇಕು, ಭಯ, ಸಾಲಗಳು ಸನ್ನಿವೇಶದಲ್ಲಿಯೇ ದೊರೆಯುತ್ತವೆ. ಬಂದೂಕು ಬೇಕೆನ್ನಿಸುವ ಪ್ರಸಂಗವೇ ಇದರಲ್ಲಿ ಬರುವುದಿಲ್ಲ. ನಿಜವಾಗಿ ನೆಲ ಕಳೆದುಕೊಂಡ ಕುಟುಂಬಗಳು ಈಗಲೂ ಈ ಭಾಗದಲ್ಲಿರುವುದರಿಂದ ನಿಜವಾದ ಮನೆತನಗಳ ಹೆಸರನ್ನು ಬಳಸದಿರುವ ಎಚ್ಚರ ಮಾತ್ರ ಬೇಕು.

ಅದೇ ಎಚ್ಚರ ಸಮುದಾಯಗಳ ವಿಷಯದಲ್ಲಿ ಇನ್ನೂ ಹೆಚ್ಚಾಗಿ ಬೇಕು. ಸಿದ್ದಿ, ಗೌಳಿ, ಕುಣಬಿ, ಟಿಬೆಟನ್ ಜನರು ಈ ತಾಲ್ಲೂಕುಗಳ ನೆರೆಹೊರೆಯವರು. ಅವರ ಮೈಬಣ್ಣ, ಉಚ್ಚಾರ, ಉಡುಪುಗಳನ್ನು ಹಾಸ್ಯಕ್ಕಾಗಿ ತೊಟ್ಟುಕೊಳ್ಳುವುದು ಅಭಿನಯವಲ್ಲ, ಅಣಕ. ಆಫ್ರಿಕದ ಲೇಖಕ ಚಿನುವಾ ಅಚಿಬೆಯವರ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಆಫ್ರಿಕ ಮೂಲದ ಸಿದ್ದಿ ಕಲಾವಿದರು ಆಡಿದಾಗ, ಆಫ್ರಿಕದ ಹಳ್ಳಿಯ ಬದುಕನ್ನು ರಂಗದ ಮೇಲೆ ತಂದವರು ಅವರೇ ಆಗಿದ್ದರು. ಆ ಪ್ರಯೋಗಕ್ಕೂ, ಪರದೆಯ ಹಿಂದೆ ಅಡಗಿ ಇನ್ನೊಬ್ಬರ ಜಾತಿ ಅಥವಾ ಜನಾಂಗವನ್ನು ನಗೆಪಾಟಲಾಗಿಸುವುದಕ್ಕೂ ಇರುವ ಅಂತರವನ್ನು ಗುಂಪು ಸೇರುವಾಗಲೇ ಹೊಸಬರಿಗೆ ಸ್ಪಷ್ಟವಾಗಿ ಹೇಳಿಬಿಡಬೇಕು.

ಎಲ್ಲರೂ ಒಂದೇ ಕಾರಣಕ್ಕೆ ಆಟಕ್ಕೆ ಬರುವುದಿಲ್ಲ. ಮೇಲೆ ಹೆಸರಿಸಿದ ಬಾರ್ಟಲ್ 1996ರ ಲೇಖನವೊಂದರಲ್ಲಿ ಆಟಗಾರರನ್ನು ಸಾಧಿಸುವವರು, ಅನ್ವೇಷಿಸುವವರು, ಬೆರೆಯುವವರು, ಇತರರ ಮೇಲೆ ಎರಗುವವರು ಎಂದು ನಾಲ್ಕಾಗಿ ವಿಂಗಡಿಸಿದ್ದರು. ಪಾತ್ರಾಭಿನಯ ಮೂರನೆಯ ಬಗೆಯವರಿಗೆ ಮಾತ್ರ ಎಂದು ತಿಳಿಯುವುದು ಅವಸರದ ತೀರ್ಮಾನ. ಎರಗುವ ಸ್ವಭಾವದವನನ್ನು ಹೊರಹಾಕುವ ಮೊದಲು ಅವನಿಗೆ ಬಡ್ಡಿ ವಸೂಲಿಗಾರನದೋ ಕೆಣಕುವ ದಲ್ಲಾಳಿಯದೋ ಪಾತ್ರ ಕೊಟ್ಟು ನೋಡಬೇಕು; ಸಾಧಿಸುವ ಹಟದವನಿಗೆ ಪಂಚಾಯಿತಿ ಚುನಾವಣೆಯೊಂದನ್ನು ಏರ್ಪಡಿಸಬಹುದು. ಬಾಯಿ ಬಿಡಲು ಹಿಂಜರಿಯುವವರಿಗೆ ಸುದ್ದಿ ತರುವ ದೂತನ ಪಾತ್ರ ಹಿತವಾಗಿರುತ್ತದೆ: ಎರಡು ಮಾತು ಹೇಳಿದರೆ ಕೆಲಸ ಮುಗಿಯುತ್ತದೆ, ಆದರೆ ಆ ಎರಡು ಮಾತಿಗೆ ಎಲ್ಲರೂ ಕಿವಿಗೊಡುತ್ತಾರೆ.

ಹಣ ಮತ್ತು ಸುರಕ್ಷತೆಯ ವಿಷಯ ಸರಳ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವನ್ನು ಪಣಕ್ಕಿಡುವ ಆಟಗಳನ್ನು ನಿಷೇಧಿಸಿರುವುದರಿಂದ, ಕಥೆಯೊಳಗಿನ ಜೂಜುಕಟ್ಟೆಯ ನಾಣ್ಯಕ್ಕೆ ಯುಪಿಐ ಮೂಲಕ ನಿಜವಾದ ರೂಪಾಯಿ ಪಡೆಯುವ ಅಥವಾ ಕೊಡುವ ಗೊಡವೆಗೆ ಯಾವ ಗುಂಪೂ ಹೋಗಬಾರದು. ಪಾತ್ರದ ನೆಪದಲ್ಲಿ ಆಟಗಾರನ ಶಾಲೆ, ಮನೆ, ಫೋಟೊ, ಫೋನ್ ಸಂಖ್ಯೆ ಕೇಳುವವರನ್ನು ಆ ಕ್ಷಣವೇ ಹೊರಗಿಡಬೇಕು. ಹಣ ವಂಚನೆಯಾದರೆ 1930, ಮಕ್ಕಳಿಗೆ ತೊಂದರೆಯಾದರೆ 1098 ಸಂಖ್ಯೆಗೆ ಕರೆ ಮಾಡಬಹುದು. ಯಾರಾದರೂ ಮುಂಚೆಯೇ ಗೊತ್ತುಮಾಡಿಕೊಂಡ ಒಂದು ಪದವನ್ನು ಹೇಳಿದೊಡನೆ ದೃಶ್ಯ ನಿಲ್ಲಬೇಕು ಮತ್ತು ಕಾರಣ ಕೇಳಬಾರದು ಎಂಬ ಒಪ್ಪಂದ ಹದಿಹರೆಯದವರಿರುವ ಗುಂಪಿನಲ್ಲಿ ಕಡ್ಡಾಯವಾಗಿರಲಿ.

ಕೂಟವನ್ನು ಮುಗಿಸುವುದಕ್ಕೂ ಒಂದು ಕ್ರಮ ಬೇಕು. ಯಕ್ಷಗಾನ ಮಂಗಳ ಪದ್ಯದಿಂದ ಮುಗಿಯುತ್ತದೆ, ಆಮೇಲೆ ಕೃಷ್ಣ ಕೌರವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಆನ್‌ಲೈನ್ ಗುಂಪಿನಲ್ಲಿ ಒಬ್ಬೊಬ್ಬರಾಗಿ ಲಾಗ್‌ಔಟ್ ಆಗಿ ಕಥೆ ಚದುರಿಹೋಗುವ ಬದಲು, ಒಂದೂವರೆ ಗಂಟೆಯಾದ ಮೇಲೆ ಭಾಗವತನ ಸ್ಥಾನದಲ್ಲಿರುವವರು ಮುಗಿಯಿತೆಂದು ಸಾರಿ, ಮುಂದಿನ ಹತ್ತು ನಿಮಿಷ ಎಲ್ಲರೂ ತಮ್ಮ ತಮ್ಮ ನಿಜ ಹೆಸರಿನಲ್ಲಿ ಮಾತನಾಡುವ ವ್ಯವಸ್ಥೆ ಮಾಡಬೇಕು. ಆ ಹೊತ್ತಿನಲ್ಲಿ ಪ್ರತಿಯೊಬ್ಬರೂ ತಾವು ಚೆನ್ನಾಗಿ ಆಡಿದ್ದನ್ನಲ್ಲ, ಎದುರಿನವರು ತಮಗೆ ಒದಗಿಸಿದ ಒಂದು ಒಳ್ಳೆಯ ಅವಕಾಶವನ್ನು ಹೆಸರಿಸಬೇಕೆಂಬ ಪದ್ಧತಿ ಇಟ್ಟುಕೊಂಡರೆ ಗುಂಪಿನಲ್ಲಿ ಯಾವ ಗುಣಕ್ಕೆ ಬೆಲೆಯಿದೆ ಎಂಬುದು ಹೊಸಬರಿಗೆ ಉಪದೇಶವಿಲ್ಲದೆ ತಿಳಿಯುತ್ತದೆ. ಮುಂದಿನ ಕೂಟದ ಪ್ರಸಂಗವನ್ನು ಆರಿಸುವ ಹಕ್ಕನ್ನು ಈ ಬಾರಿ ಸೋಲುವ ಪಾತ್ರ ವಹಿಸಿದವರಿಗೆ ಬಿಟ್ಟುಕೊಡಬೇಕು.